ಎಸೆಯೋದು ಬಲಗೈ ತಾನೇ?

“ಎಡಗೈ ಇಲ್ಲದಿದ್ರೆ ಏನಂತೆ, ಎಸೆಯೋದು ಬಲಗೈ ತಾನೇ?”

ಈ ಮಾತನ್ನು ನನಗೆ ಹೇಳದೆ ಉಳಿದವರು ಕಡಿಮೆ. ಬಸ್ ಕಂಡಕ್ಟರ್ ಹೇಳಿದ್ದಾರೆ. ಮದುವೆ ಮನೆಯಲ್ಲಿ ದೊಡ್ಡವ್ವ ಹೇಳಿದ್ದಾಳೆ. ಕಟಿಂಗ್ ಶಾಪಿನ ಅಣ್ಣ ಕತ್ತರಿ ನಿಲ್ಲಿಸಿ ಹೇಳಿದ್ದಾನೆ. ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಬೇಜಾರಿಲ್ಲ. ಶುರುವಿನ ಎರಡು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಆ ಎರಡು ವರ್ಷವೂ ನನ್ನ ಜಾವೆಲಿನ್ 30 ಮೀಟರ್ ದಾಟಲಿಲ್ಲ.

ನಮ್ಮೂರು ಪಾಂಡವಪುರದ ಕಡೆ. ಕಬ್ಬು, ಭತ್ತ, ಸುತ್ತ ಆಲೆಮನೆಗಳು. 2010ರಲ್ಲಿ ನನಗೆ 11 ವರ್ಷ. ಒಂದು ರಾತ್ರಿ ಅಪ್ಪನಿಗೆ ಊಟ ಕೊಡಲು ಆಲೆಮನೆಗೆ ಹೋಗಿದ್ದೆ. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಆಳು ಬೀಡಿ ಹಚ್ಚಲು ಎದ್ದ. ಅವನ ಜಾಗದಲ್ಲಿ ನಾನು ಕೂತೆ. ಎಷ್ಟೋ ಸಲ ಕೂತಿದ್ದೆ, ಹೊಸದೇನಲ್ಲ. ಒಂದು ಸೊಟ್ಟ ಜಲ್ಲೆ ಸಿಕ್ಕಿಕೊಂಡಿತು. ಎಡಗೈಯಲ್ಲಿ ತಳ್ಳಿದೆ. ಮೊದಲು ಅಂಗಿಯ ತೋಳು ಹೋಯಿತು. ಇದರ ಬಗ್ಗೆ ಇಷ್ಟು ಸಾಕು. ಕೊನೆಗೆ ಮೊಣಕೈಯಿಂದ ಕೆಳಗೆ ನಾಲ್ಕು ಬೆರಳಿನಷ್ಟು ಉಳಿಯಿತು. ಊರಲ್ಲಿ ಅದಕ್ಕೆ ಮೋಟುಗೈ ಅಂತಾರೆ. ಆ ಪದದಿಂದ ನನಗೆ ನೋವಿಲ್ಲ. ಯಾರಾದರೂ ದನಿ ತಗ್ಗಿಸಿ ‘ವಿಶೇಷ’ ಅಂತ ಶುರು ಮಾಡಿದರೇ ಜಾಸ್ತಿ ಮುಜುಗರ.

ಶಾಲೆಯಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ ಬಂದಾಗಲೆಲ್ಲ ನನಗೊಂದು ಖಾಯಂ ಕೆಲಸ ಇತ್ತು. ಟೇಪು ಹಿಡಿಯುವುದು. ಜಾವೆಲಿನ್ ಬಿದ್ದ ಕಡೆ ಟೇಪಿನ ಸೊನ್ನೆಯ ತುದಿ ಒತ್ತಿ ಹಿಡಿಯಬೇಕು. ಇನ್ನೊಂದು ತುದಿಯನ್ನು ಎಸೆಯುವವರು ತುಳಿಯಬಾರದ ಬಾಗಿದ ಗೆರೆಯ, ಅಂದ್ರೆ ಕಮಾನಿನ ಆಚೆ, 8 ಮೀಟರ್ ಹಿಂದೆ ಇರುವ ಗುರುತಿನವರೆಗೂ ಎಳೆಯುತ್ತಾರೆ. ಲೆಕ್ಕ ಓದುವುದು ಮಾತ್ರ ಕಮಾನಿನ ಒಳ ಅಂಚಿನಲ್ಲಿ. ಜಾವೆಲಿನ್ ನೆಲಕ್ಕೆ ನೆಟ್ಟುಕೊಳ್ಳಲೇಬೇಕು ಅಂತ ತುಂಬಾ ಜನ ತಿಳಿದಿದ್ದಾರೆ, ಹಾಗೇನಿಲ್ಲ. ಮೊನೆ ಮೊದಲು ತಾಗಿದರೆ ಸಾಕು. ಈ ನಿಯಮಗಳೆಲ್ಲ ನನಗೆ ಬಾಯಿಪಾಠವಾಗಿದ್ದು ಹೀಗೆ, ಬೇರೆಯವರ ಎಸೆತ ಅಳೆದೂ ಅಳೆದೂ. ಒಂದು ಸಲ ನಾನೂ ಎಸೆಯಲಾ ಅಂತ ಕೇಳಿದೆ. “ಬಿದ್ದು ಗಿದ್ದು ಹೋದ್ರೆ ನಿಮ್ಮಪ್ಪಂಗೆ ಉತ್ತರ ಹೇಳೋರು ಯಾರ್ಲಾ?” ಅಂದರು ಮೇಷ್ಟ್ರು. ಅವರ ಭಯ ಅವರಿಗೆ.

ಅದೇ ಮೇಷ್ಟ್ರು 2012ರಲ್ಲಿ ಪೇಪರಿನ ಒಂದು ತುಂಡು ಕತ್ತರಿಸಿ ತಂದು ನನ್ನ ಕೈಗೆ ಕೊಟ್ಟರು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ ಲಂಡನ್ ಪ್ಯಾರಾಲಿಂಪಿಕ್ಸ್‌ನ ಹೈಜಂಪ್‌ನಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದಿದ್ದರು. ಪಕ್ಕದ ಜಿಲ್ಲೆ! ಮಾಲತಿ ಹೊಳ್ಳ ಅವರ ಹೆಸರು ಗೊತ್ತಿತ್ತು. ಪೋಲಿಯೊದಿಂದ ವ್ಹೀಲ್‌ಚೇರ್ ಹಿಡಿದವರು, ಗುಂಡು, ಡಿಸ್ಕಸ್, ಜಾವೆಲಿನ್ ಎಲ್ಲ ಎಸೆದು ಪದ್ಮಶ್ರೀ ಪಡೆದವರು. ಆದರೆ ಅವರು ಬೆಂಗಳೂರಿನವರು, ಪಠ್ಯದಲ್ಲಿ ಬರುವಂಥ ದೊಡ್ಡ ಹೆಸರು. ಗಿರೀಶ್ ಹಾಗಲ್ಲ, ನಮ್ಮ ಹಾಗೆ ಹಳ್ಳಿಯವರು ಅನಿಸಿತು.

ನಿಜವಾಗಿ ತಲೆ ಕೆಡಿಸಿದ್ದು 2016ರ ಸೆಪ್ಟೆಂಬರ್. ಪಿಯುಸಿಯಲ್ಲಿದ್ದೆ. ರಿಯೊ ಪ್ಯಾರಾಲಿಂಪಿಕ್ಸ್‌ನ ಜಾವೆಲಿನ್‌ನಲ್ಲಿ ದೇವೇಂದ್ರ ಝಝಾರಿಯಾ 63.97 ಮೀಟರ್ ಎಸೆದು ಚಿನ್ನ ಗೆದ್ದರು, ವಿಶ್ವದಾಖಲೆ. ರಾಜಸ್ಥಾನದ ಚುರು ಜಿಲ್ಲೆಯವರು. 8 ವರ್ಷದವರಿದ್ದಾಗ ಮರ ಹತ್ತುವಾಗ ಕರೆಂಟ್ ತಂತಿ ತಾಗಿ ಎಡಗೈ ಹೋಗಿತ್ತು. 2004ರಲ್ಲಿ ಅಥೆನ್ಸ್‌ನಲ್ಲೂ ಚಿನ್ನ ಗೆದ್ದಿದ್ದರು, 62.15 ಮೀಟರ್. ನಡುವೆ 12 ವರ್ಷ ಯಾಕೆ ಖಾಲಿ ಗೊತ್ತಾ? 2008ರಲ್ಲೂ 2012ರಲ್ಲೂ ಅವರ ವರ್ಗದ, ಅಂದ್ರೆ ಒಂದು ಕೈಗೆ ತೊಂದರೆ ಇರುವವರ ಜಾವೆಲಿನ್ ಸ್ಪರ್ಧೆಯೇ ಇರಲಿಲ್ಲ. ಸುಮ್ನೆ ತೆಗೆದುಹಾಕಿದ್ದರು. ಇಲ್ಲದ ಸ್ಪರ್ಧೆಗೆ ಎಂಟು ವರ್ಷ ತಯಾರಿ ಮಾಡುವುದು ಅಂದ್ರೆ ಏನು ಅಂತ ಇವತ್ತಿಗೂ ನನಗೆ ಊಹಿಸಲು ಆಗುವುದಿಲ್ಲ.

ಅಪ್ಪ ಮಾತಾಡಲಿಲ್ಲ. ಒಂದು ಬಿದಿರಿನ ಗಳ ಕೆತ್ತಿ, ಕಮ್ಮಾರನ ಹತ್ತಿರ ತುದಿಗೆ ಕಬ್ಬಿಣದ ಮೊನೆ ಹಾಕಿಸಿ ತಂದುಕೊಟ್ಟ. ಆಲೆಮನೆಯ ಆ ರಾತ್ರಿಯ ಬಗ್ಗೆ ಅವನು ಆಡಿದ ಮಾತು ಅದೊಂದೇ ಅಂತ ಈಗ ಅನಿಸುತ್ತದೆ. ಕುಯ್ಲಾದ ಗದ್ದೆಯಲ್ಲಿ ಎಸೆಯುತ್ತಿದ್ದೆ. ಟೇಪಿನ ತುದಿಯನ್ನು ಕುಡುಗೋಲಿಗೆ ಸಿಕ್ಕಿಸಿ ಒಬ್ಬನೇ ಅಳೆಯುತ್ತಿದ್ದೆ. 24, 26, 27. ಅಲ್ಲೇ ನಿಂತಿತು.

2018ರಲ್ಲಿ ಮಂಡ್ಯದ ಸ್ಟೇಡಿಯಂನಲ್ಲಿ ಹುಡುಗರಿಗೆ ಹೇಳಿಕೊಡುತ್ತಿದ್ದ ಹಿರಿಯರೊಬ್ಬರ ಹತ್ತಿರ ಹೋದೆ. ಮಿಲಿಟರಿಯಲ್ಲಿದ್ದು ಬಂದವರು. ಮೂರು ಎಸೆತ ನೋಡಿದರು, ಏನೂ ಅನ್ನಲಿಲ್ಲ. ಮೊಬೈಲ್ ತೆಗೆದು ಯಾನ್ ಜೆಲೆಜ್ನಿಯ ವಿಡಿಯೋ ಹಾಕಿದರು. ಚೆಕ್ ದೇಶದ ಆ ಮಹಾನುಭಾವ 1996ರಲ್ಲಿ 98.48 ಮೀಟರ್ ಎಸೆದ ದಾಖಲೆ ಇನ್ನೂ ಹಾಗೇ ಇದೆ.

“ಏನು ನೋಡಿದೆ?”

“ಬಲಗೈ ಸರ್. ಎಷ್ಟು ಫಾಸ್ಟಾಗಿ ಬಂತು.”

“ಇನ್ನೊಂದ್ಸಲ ನೋಡು. ಈ ಸಲ ಎಡಗೈ ನೋಡು.”

ನೋಡಿದೆ. ಆಮೇಲೆ ಹತ್ತು ಸಲ ನೋಡಿದೆ. ಬಲಗೈಯಿಂದ ಎಸೆಯುವವರ ಎಡಗೈ ಸುಮ್ಮನೆ ತೂಗಾಡುವುದಿಲ್ಲ. ಕೊನೆಯ ಹೆಜ್ಜೆಗಳಲ್ಲಿ ಅದು ಎದೆಯ ಮುಂದೆ ಚಾಚಿಕೊಂಡು ಎಡಭುಜವನ್ನು ಮುಚ್ಚಿ ಹಿಡಿದಿರುತ್ತದೆ. ಎಡಗಾಲು ನೆಲಕ್ಕೆ ಬಡಿಯುವ ಹೊತ್ತಿಗೆ ಮಡಚಿಕೊಂಡು ಪಕ್ಕೆಗೆ ಬಂದು ನಿಲ್ಲುತ್ತದೆ. ಎಡಪಕ್ಕ ಗಕ್ಕನೆ ನಿಂತಾಗ ಬಲಪಕ್ಕ ತಾನಾಗಿ ಮುಂದಕ್ಕೆ ಚಿಮ್ಮುತ್ತದೆ. ಜೋರಾಗಿ ಹೋಗುವ ಬೈಕಿನ ಮುಂದಿನ ಬ್ರೇಕ್ ಒತ್ತಿದರೆ ಹಿಂದೆ ಕೂತವನು ಏನಾಗ್ತಾನೆ? ಜಾವೆಲಿನ್ ಅಂದ್ರೆ ಹಿಂದೆ ಕೂತವನು. ಬ್ರೇಕ್ ಎಡಗಡೆ ಇರೋದು. ನನ್ನ ಬೈಕಿಗೆ ಬ್ರೇಕೇ ಇರಲಿಲ್ಲ. ಎಡಭುಜ ಮೊದಲೇ ತೆರೆದುಕೊಳ್ಳುತ್ತಿತ್ತು, ಮೈ ಪಕ್ಕಕ್ಕೆ ವಾಲುತ್ತಿತ್ತು, ಬಲಗೈ ಒಂದೇ ಒದ್ದಾಡುತ್ತಿತ್ತು.

“ಕೈ ಇಲ್ದೆ ಬ್ರೇಕ್ ಹಿಡಿಯೋದು ಹೆಂಗೆ ಸರ್?”

“ಭುಜ ಇದೆಯಲ್ಲ. ಬಾಗಿಲು ಮುಚ್ಚಿದ ಹಾಗೆ ಮುಚ್ಚು. ಮೊದಲು ತೆರೀಬೇಡ, ಅಷ್ಟೇ.”

‘ಅಷ್ಟೇ’ ಅಂದಿದ್ದಕ್ಕೆ ಒಂದೂವರೆ ವರ್ಷ ಹಿಡಿಯಿತು. ಹಳೇ ಸೈಕಲ್ ಟ್ಯೂಬನ್ನು ಮೋಟುಗೈಗೆ ಸುತ್ತಿ, ಇನ್ನೊಂದು ತುದಿಯನ್ನು ಗೋಲ್ ಕಂಬಕ್ಕೆ ಕಟ್ಟಿ ಎಳೆಸುತ್ತಿದ್ದರು. ದಿನಕ್ಕೆ ಇನ್ನೂರು ಸಲ. ಎಡಭುಜದ ಮಾಂಸ ಬಲಭುಜದ ಅರ್ಧವೂ ಇರಲಿಲ್ಲ, ಎಂಟು ವರ್ಷ ಕೆಲಸವೇ ಕೊಟ್ಟಿರಲಿಲ್ಲವಲ್ಲ. ಓಡುವಾಗ ಎಡಗಡೆ ಹಗುರಾಗಿ ಮೈ ತಿರುಚುತ್ತಿತ್ತು. ಅದಕ್ಕೆ ಅಭ್ಯಾಸದಲ್ಲಿ ಮೋಟುಗೈಗೆ ಮರಳಿನ ಪಟ್ಟಿ ಕಟ್ಟಿ ಓಡಿಸಿದರು. ಎಡಗಾಲು ಮಂಡಿ ಬಗ್ಗದೆ ಊರುವುದಕ್ಕೆ ಬೇರೆಯೇ ಕಸರತ್ತು. ಈ ಮಧ್ಯೆ ಒಂದೇ ಕೈಯಲ್ಲಿ ಸ್ಪೈಕ್ಸ್ ಲೇಸ್ ಕಟ್ಟುವುದನ್ನು ಕಲಿತೆ, ಒಂದು ತುದಿ ಹಲ್ಲಲ್ಲಿ. ನಿಜ ಹೇಳ್ತೀನಿ, ಜಾವೆಲಿನ್‌ಗಿಂತ ಅದು ಕಷ್ಟ. ಗಂಟು ಬಿಗಿಯಾಗಿ ಬರಲು ಮೂರು ತಿಂಗಳಾಯಿತು.

ಜಾವೆಲಿನ್ ಖರೀದಿಯಲ್ಲೂ ಒಂದು ಪಾಠ. ಗಂಡಸರದ್ದು 800 ಗ್ರಾಂ, ಉದ್ದ 2.6 ಮೀಟರ್‌ಗಿಂತ ಕಡಿಮೆ ಇಲ್ಲ. ಆದರೆ ಎಲ್ಲ 800 ಗ್ರಾಂ ಒಂದೇ ಅಲ್ಲ. ಎಷ್ಟು ದೂರ ಎಸೆಯುವವರಿಗೆ ಯಾವುದು ಅಂತ ಲೆಕ್ಕ ಇರುತ್ತದೆ. 80 ಮೀಟರ್ ಎಸೆಯುವವರ ಗಡುಸು ಜಾವೆಲಿನ್ ನನ್ನಂಥವನ ಕೈಯಲ್ಲಿ ಅಡಿಕೆ ಮರದ ದಬ್ಬೆ ಇದ್ದ ಹಾಗೆ, ಬೇಗ ಮಕಾಡೆ ಬೀಳುತ್ತದೆ. ಹೊರದೇಶದ ಒಳ್ಳೆ ಬ್ರ್ಯಾಂಡಿನದ್ದು ಬೇಕು ಅಂದ್ರೆ ಮನೆಯ ಹಸು ಮಾರಬೇಕು. ನಾನು ಇಲ್ಲಿನದ್ದನ್ನೇ ಸೆಕೆಂಡ್ ಹ್ಯಾಂಡ್ ಕೊಂಡೆ.

ಆಮೇಲೆ ಕಾಗದ ಪತ್ರ. ಅಂಗವೈಕಲ್ಯದ ಪ್ರಮಾಣಪತ್ರ, ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ ಯುಡಿಐಡಿ ಕಾರ್ಡ್, ನೋಂದಣಿ. ನನ್ನ ಹಳೆಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಒಂದು ಕಚೇರಿಯ ಗುಮಾಸ್ತರು ಮತ್ತೆ ಪರೀಕ್ಷೆ ಆಗಬೇಕು ಅಂದರು. “ಕೈ ಮತ್ತೆ ಬೆಳೆದಿದ್ಯಾ ಅಂತ ನೋಡ್ಬೇಕಾ ಸಾರ್?” ಅಂದುಬಿಟ್ಟೆ. ಆ ಒಂದು ಮಾತಿಗೆ ನಾಲ್ಕು ಸಲ ಓಡಾಡಿಸಿದರು. ಬಾಯಿ ಮುಚ್ಚಿಕೊಂಡಿದ್ದರೆ ಎರಡರಲ್ಲಿ ಮುಗಿಯುತ್ತಿತ್ತೇನೋ.

ಸರ್ಕಾರದ ಲೆಕ್ಕ ಶೇಕಡಾದಲ್ಲಿ. 40ಕ್ಕಿಂತ ಕಡಿಮೆ ಇದ್ದರೆ ಸವಲತ್ತಿಲ್ಲ. ಕ್ರೀಡೆಯ ಲೆಕ್ಕ ಬೇರೆ. ಅಲ್ಲಿ ಅಕ್ಷರ, ಅಂಕಿ. ಟಿ ಅಂದ್ರೆ ಟ್ರ್ಯಾಕ್, ಎಫ್ ಅಂದ್ರೆ ಫೀಲ್ಡ್. 11ರಿಂದ 13 ಕಣ್ಣಿನ ತೊಂದರೆ ಇರುವವರು. 40, 41 ಕುಳ್ಳಗಿರುವವರು. 51ರಿಂದ 57 ಕೂತು ಎಸೆಯುವವರು. ಕೃತಕ ಕಾಲು ಹಾಕಿಕೊಂಡು ಆಡುವವರು 61ರಿಂದ 64. ಒಂದು ಕೈಗೆ ಮಾತ್ರ ತೊಂದರೆ ಇರುವ ನಾನು ಎಫ್ 46. ಊರಿನ ಗೆಳೆಯ ಕಾರ್ಡ್ ನೋಡಿ, “ಎಫ್ ಅಂತೆ, 46 ಮಾರ್ಕ್ಸ್ ಬಂದ್ರೂ ಫೇಲಾ?” ಅಂದ.

ಈ ವರ್ಗೀಕರಣ ಹೇಗಿರುತ್ತೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಒಂದು ಕೋಣೆ. ಕ್ರೀಡೆ ಗೊತ್ತಿರುವವರೊಬ್ಬರು, ದೇಹ ಗೊತ್ತಿರುವವರೊಬ್ಬರು. ಟೇಪು ತೆಗೆದು ಮೋಟುಗೈ ಅಳೆದರು. ನನಗೆ ನಗು ಬಂತು. ಅಷ್ಟು ವರ್ಷ ಟೇಪು ಹಿಡಿದವನ ಮೇಲೇ ಟೇಪು! ಭುಜ ಎತ್ತಿಸಿದರು, ತಳ್ಳಿಸಿದರು, ಎಸೆಯುವ ಹಾಗೆ ಮಾಡಿ ತೋರಿಸು ಅಂದರು. ಅದು ಅಲ್ಲಿಗೇ ಮುಗಿಯುವುದಿಲ್ಲ, ಸ್ಪರ್ಧೆಯಲ್ಲೂ ಗಮನಿಸುತ್ತಾರೆ. ಒಳಗೆ ಇಲ್ಲದ ಶಕ್ತಿ ಹೊರಗೆ ಬಂದುಬಿಟ್ಟರೆ ಸಿಕ್ಕಿಬೀಳುತ್ತೀರಿ. ಇದು ಸುಮ್ನೆ ಮಾತಲ್ಲ. ಟೋಕಿಯೊದಲ್ಲಿ ನಮ್ಮ ದೇಶದವರೊಬ್ಬರು ಡಿಸ್ಕಸ್‌ನಲ್ಲಿ ಕಂಚು ಗೆದ್ದ ಮೇಲೆ, ಆ ವರ್ಗಕ್ಕೆ ಸೇರುವುದಿಲ್ಲ ಅಂತ ಪದಕವೇ ಕೈತಪ್ಪಿತು. ನನ್ನಂಥವರ ವಿಷಯ ಸಲೀಸು, ಇಲ್ಲದ ಕೈ ಇಲ್ಲ. ನರದ, ಸ್ನಾಯುವಿನ ತೊಂದರೆ ಇರುವವರು ಆ ಕೋಣೆಯಿಂದ ಬರುವಾಗ ಅವರ ಮುಖ ನೋಡಬೇಕು. ಇಷ್ಟು ದಿನ ‘ನನ್ನಿಂದ ಆಗುತ್ತೆ’ ಅಂತ ತೋರಿಸಿ ಬದುಕಿದವರು, ಅಲ್ಲಿ ‘ಇಷ್ಟು ಆಗಲ್ಲ’ ಅಂತ ತೋರಿಸಬೇಕು.

2021ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್ ಬೆಂಗಳೂರಿಗೇ ಬಂತು, ಕಂಠೀರವ ಕ್ರೀಡಾಂಗಣಕ್ಕೆ. ಬಸ್ಸಿನವರು ಎರಡು ಜಾವೆಲಿನ್ ನೋಡಿ, “ಇದೇನಪ್ಪ, ಯುದ್ಧಕ್ಕಾ?” ಅಂದು ಹತ್ತಿಸಿಕೊಳ್ಳಲಿಲ್ಲ. ಮಧ್ಯರಾತ್ರಿ ತರಕಾರಿ ಟೆಂಪೊದಲ್ಲಿ, ಬದನೆಕಾಯಿ ಮೂಟೆ ಮೇಲೆ ಕೂತು ಬೆಂಗಳೂರು ಸೇರಿದೆ.

ನನಗೆ ಇದ್ದ ದೊಡ್ಡ ಭಯ ಎಸೆತದ್ದಲ್ಲ, ಕಾಲ್ ರೂಮಿನದ್ದು. ಸ್ಪರ್ಧೆಗೆ ಮೊದಲು ಎಲ್ಲರೂ ಹಾಜರಿ ಹಾಕುವ ಜಾಗ ಅದು. ರಿಯೊದಲ್ಲಿ ಸುಂದರ್ ಸಿಂಗ್ ಗುರ್ಜರ್ ಅಲ್ಲಿಗೆ ತಡವಾಗಿ ಬಂದರು ಅಂತ ಎಸೆಯಲಿಕ್ಕೇ ಬಿಡಲಿಲ್ಲ. ಅಷ್ಟು ದೂರ ಹೋಗಿ! ನಾನು ಒಂದು ಗಂಟೆ ಮೊದಲೇ ಹೋಗಿ ಕೂತೆ. ಎದೆಗೆ ಹಾಕುವ ನಂಬರ್ ಕೊಟ್ಟರು, ಜೊತೆಗೆ ನಾಲ್ಕು ಪಿನ್ನು. ಒಂದೇ ಕೈಯಲ್ಲಿ ಪಿನ್ನು ಚುಚ್ಚಿಕೊಳ್ಳುವುದು ಹೇಗೆ? ಪಕ್ಕದಲ್ಲಿ ಉತ್ತರದ ಕಡೆಯ ಹುಡುಗನೊಬ್ಬ ಅದೇ ಕಷ್ಟದಲ್ಲಿದ್ದ. ಅವನಿಗೆ ಬಲಗೈ ಇರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವನು ಬಟ್ಟೆ ಹಿಡಿದ, ನಾನು ಪಿನ್ನು ಚುಚ್ಚಿದೆ. ಮೊದಲು ಅವನದ್ದು, ಆಮೇಲೆ ನನ್ನದು. ನನಗೆ ಹಿಂದಿ ಅಷ್ಟಕ್ಕಷ್ಟೇ, ಅವನಿಗೆ ಕನ್ನಡ ಸೊನ್ನೆ. ಎಂಟು ಪಿನ್ನಿಗೆ ಒಂದು ಮಾತೂ ಬೇಕಾಗಲಿಲ್ಲ.

ಮೊದಲ ಎಸೆತ ಫೌಲ್, ಗೆರೆ ತುಳಿದೆ. ಎರಡನೆಯದು ಮಕಾಡೆ ಬಿತ್ತು. ಮೂರನೆಯದಕ್ಕೆ ಹೋಗುವಾಗ ಸೈಕಲ್ ಟ್ಯೂಬ್ ಒಂದೇ ನೆನೆಸಿಕೊಂಡೆ. ಭುಜ ಮುಚ್ಚು, ತೆರೀಬೇಡ. ಎಡಗಾಲು ಬಡಿಯಿತು, ಎಡಪಕ್ಕ ನಿಂತಿತು. ಜಾವೆಲಿನ್ ಕೈಬಿಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ. ಚೆನ್ನಾಗಿ ಹೋದಾಗ ಕೈಗೆ ಗೊತ್ತಾಗುವುದಿಲ್ಲ, ಅದೇ ಗುರುತು. 40.12. ಮೂರು ಎಸೆತ ಆದ ಮೇಲೆ ಮೊದಲ ಎಂಟು ಜನರಿಗೆ ಮಾತ್ರ ಇನ್ನೂ ಮೂರು ಅವಕಾಶ. ನಾನು ಒಂಬತ್ತನೆಯವನು. ಪಿನ್ನು ಚುಚ್ಚಿದ ಹುಡುಗ ಎಂಟನೆಯವನು. ಅರ್ಧ ಮೀಟರೂ ವ್ಯತ್ಯಾಸ ಇರಲಿಲ್ಲ. ಟೆಂಪೊದವನಿಗೆ ಫೋನ್ ಮಾಡಿ ವಾಪಸ್ ಹೋಗೋದು ಎಷ್ಟು ಹೊತ್ತಿಗೆ ಅಂತ ಕೇಳಿದೆ.

ಆ ವರ್ಷ ಆಗಸ್ಟ್ 30. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ವರ್ಗದ ಫೈನಲ್. ಶ್ರೀಲಂಕಾದ ದಿನೇಶ್ ಪ್ರಿಯಂತ ಹೇರತ್ 67.79 ಎಸೆದು ಚಿನ್ನ ಹೊಡೆದರು. ಝಝಾರಿಯಾ 64.35ಕ್ಕೆ ಬೆಳ್ಳಿ. ಕಾಲ್ ರೂಮಿನಲ್ಲಿ ಹೊರಗುಳಿದಿದ್ದ ಅದೇ ಗುರ್ಜರ್ 64.01ಕ್ಕೆ ಕಂಚು. ಅದೇ ದಿನ ಎಫ್ 64ರಲ್ಲಿ ಸುಮಿತ್ ಅಂತಿಲ್ 68.55 ಎಸೆದರು, ವಿಶ್ವದಾಖಲೆ. ಕೃತಕ ಕಾಲಿನ ಮೇಲೆ! ಅವರಿಗೆ ಹೋಗಿದ್ದು ಎಡಗಾಲು, ಅಂದ್ರೆ ಬ್ರೇಕ್ ಹಾಕುವ ಕಾಲೇ. ಓಡಿ ಬಂದ ವೇಗವನ್ನೆಲ್ಲ ಆ ಕಬ್ಬಿಣ, ಕಾರ್ಬನ್ನಿನ ಮೇಲೆ ನಿಲ್ಲಿಸುತ್ತಾರೆ. ಜನ ಅವರ ನಗು ನೋಡ್ತಾರೆ, ನಾನು ಆ ಕಾಲು ಊರುವುದನ್ನೇ ನಿಧಾನ ಮಾಡಿ ನೋಡುತ್ತಿದ್ದೆ.

ಆವತ್ತೇ ಇನ್ನೊಂದು ವಿಷಯ ಅರ್ಥವಾಯಿತು. ನಾನು ಹುಟ್ಟಿದ ದೇಶದಲ್ಲಿ ಈ ವರ್ಗ ತುಂಬಾ ಗಟ್ಟಿ. ಪ್ಯಾರಾಲಿಂಪಿಕ್ಸ್‌ಗೆ ಒಂದು ಸ್ಪರ್ಧೆಗೆ ಒಂದು ದೇಶದಿಂದ ಹೆಚ್ಚೆಂದರೆ ಮೂರು ಜನ. ಪ್ಯಾರಿಸ್‌ನಲ್ಲಿ 2024ರಲ್ಲಿ ಅಜೀತ್ ಸಿಂಗ್ ಯಾದವ್ 65.62ಕ್ಕೆ ಬೆಳ್ಳಿ, ಗುರ್ಜರ್ 64.96ಕ್ಕೆ ಮತ್ತೆ ಕಂಚು. 2025ರಲ್ಲಿ ದೆಹಲಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ರಿಂಕು ಹೂಡಾ ಚಿನ್ನ, ಗುರ್ಜರ್ ಬೆಳ್ಳಿ. ಈ ಸಾಲಿನ ಹಿಂದೆ ನಿಂತಿರುವ ನಾನು 2022ರ ಕೊನೆಗೆ 45 ದಾಟಿದ್ದೆ. 2023ರ ಬೇಸಿಗೆಯಲ್ಲಿ 48.92. ಅದೇ ನನ್ನ ಬೆಸ್ಟ್. ಅದಕ್ಕೆ ವಿದೇಶ ಇಲ್ಲ, ಪದಕ ಇಲ್ಲ, ಕೆಲಸವೂ ಇಲ್ಲ. ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವ ಕೆಲಸ ನಾನೇ ಹುಡುಕಿಕೊಂಡಿದ್ದು. ಬೆಳಗ್ಗೆ ಹಾಲು ಅಳೆಯುವ ಸರದಿ ಮುಗಿದ ಮೇಲೆ ಅಭ್ಯಾಸ.

50 ದಾಟಿಬಿಡಬೇಕು ಅನ್ನುವ ಹಟದಲ್ಲಿ ಆ ಜುಲೈನಲ್ಲಿ ದಿನಕ್ಕೆ 60 ಎಸೆಯುತ್ತಿದ್ದೆ. ಒಂದು ದಿನ ಬಲ ಮೊಣಕೈಯ ಒಳಪಕ್ಕದಲ್ಲಿ ಚಟ್ ಅಂತು. ಲಿಗಮೆಂಟ್. ಜಾವೆಲಿನ್ ಎಸೆಯುವವರಿಗೆ ಬರುವ ಮಾಮೂಲಿ ಪೆಟ್ಟು. ಡಾಕ್ಟರ್ ತಲೆ ಎತ್ತದೆ ಬರೆದರು. “ಆರು ವಾರ ಕೈಗೆ ಪೂರ್ತಿ ರೆಸ್ಟ್. ಎಲ್ಲ ಕೆಲಸ ಇನ್ನೊಂದು ಕೈಯಲ್ಲಿ ಮಾಡಿ.” ಆಮೇಲೆ ತಲೆ ಎತ್ತಿದರು. ಪಾಪ, ಅವರ ಮುಖ ನೋಡಿ ನನಗೇ ಅಯ್ಯೋ ಅನಿಸಿತು.

ಆ ಆರು ವಾರದ ಬಗ್ಗೆ ಯಾರಿಗೂ ಹೇಳಿಲ್ಲ. 24 ವರ್ಷದ ಗಂಡಸಿಗೆ ಅವ್ವ ಮುದ್ದೆ ಮುರಿದು ಸಾರಲ್ಲಿ ಅದ್ದಿ ತಿನ್ನಿಸಿದಳು. ತಲೆ ಬಾಚಿದಳು. ಗುಂಡಿ ಹಾಕಿದಳು. ಸ್ನಾನಕ್ಕೆ ಅಪ್ಪ. ಗಾಣಕ್ಕೆ ಕೈ ಕೊಟ್ಟಾಗಲೂ ಇಷ್ಟು ಹೆದರಿರಲಿಲ್ಲ ನಾನು, ಆಗ ಇನ್ನೊಂದು ಇತ್ತಲ್ಲ. ಒಂದು ರಾತ್ರಿ ತಿನ್ನಿಸುತ್ತಾ ಅವ್ವ, “ಇರೋದು ಒಂದು. ಅದ್ನೂ ಆ ಕೋಲ್ಗೆ ಕೊಟ್ಬುಟ್ಟಿಯಾ ಮಗ?” ಅಂದಳು. ನನ್ನ ಬಾಯಲ್ಲಿ ಮುದ್ದೆ ಇತ್ತು, ಉತ್ತರ ಹೇಳುವುದು ತಪ್ಪಿತು.

ಲಿಗಮೆಂಟ್ ಆಪರೇಷನ್ ಇಲ್ಲದೆ ಕೂಡಿಕೊಂಡಿತು. ಆದರೆ ಹಳೇ ಬಿಗಿ ಇಲ್ಲ. ಒಂದು ವರ್ಷ ಜಾವೆಲಿನ್ ಅಟ್ಟದ ಮೇಲಿತ್ತು. ಹೋದ ವರ್ಷ ಇಳಿಸಿದೆ. ಅವ್ವ ಬೇಡ ಅನ್ನಲಿಲ್ಲ, ಕರಾರು ಹಾಕಿದಳು. ದಿನಕ್ಕೆ ಇಪ್ಪತ್ತೇ ಎಸೆತ. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ, ತಾನೇ ಬಂದು ಶಾಲೆ ಮೈದಾನದ ಬೇವಿನ ಮರದ ಕೆಳಗೆ ಅವರೆಕಾಯಿ ಹಿಡಿದು ಕೂರುತ್ತಾಳೆ. ಒಂದು ಎಸೆತಕ್ಕೆ ಒಂದು ಕಾಯಿ ಪಕ್ಕಕ್ಕಿಡುತ್ತಾಳೆ.

ನಿನ್ನೆ ಒಂದು ಚೆನ್ನಾಗಿ ಹೋಯಿತು, ಟೇಪು ಹಾಕಿದರೆ 44 ಇರಬಹುದು. ಆ ಖುಷಿಗೆ ಇನ್ನೊಂದಕ್ಕೆ ಓಡಲು ಹಿಂದೆ ಹೋದೆ.

“ಇಪ್ಪತ್ತಾಯ್ತು, ಬಾ” ಅಂದಳು.

“ಒಂದು ಗೆರೆ ತುಳಿದಿತ್ತವ್ವ, ಫೌಲು. ಅದು ಲೆಕ್ಕಕ್ಕಿಲ್ಲ.”

ಅವ್ವ ಕಾಯಿಗಳನ್ನೆಲ್ಲ ಸೆರಗಿಗೆ ಸುರಿದುಕೊಂಡು ಎದ್ದಳು.

“ಫೌಲಾದ್ರೆ ಕೈ ಸವೆಯಾಕಿಲ್ವಾ?”